ಹತ್ತಿ ಹೂವಿನ ಪಿಕ್ಚರ್

ನಾನು ಮೆಚ್ಚಿಕೊಂಡ ಸಿನಿಮಾ ಮುಂದಿನ ಶುಕ್ರವಾರ ಕಾಣುವುದಿಲ್ಲ ಎಂಬುದು ಸಕಲೇಶಪುರದ ನನ್ನ ಗೆಳೆಯರ ಅನುಭವ. ಟಾಕೀಸಿನ ಗೇಟಿನಲ್ಲಿ ನಿಂತು "ಹೆಂಗೈತೆ ಪಿಕ್ಚರ್?" ಎಂದು ಕೇಳುತ್ತಿದ್ದರು. ನಾನು "ಚೆನ್ನಾಗೈತೆ" ಎಂದರೆ ಬೈಕು ತಿರುಗಿಸಿಕೊಂಡು ಮನೆಗೆ ಹೋಗುತ್ತಿದ್ದರು. ಇಷ್ಟು ನಂಬಿಕಸ್ಥ ವಿಮರ್ಶಕ ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ.

ಇದು ಹಟಕ್ಕೆ ಬಂದ ಅಭಿರುಚಿಯಲ್ಲ. ನಾನು ಹುಟ್ಟಿನಿಂದಲೇ ಚಿಂತೆಯ ಗಿರಾಕಿ. ಹೀರೋ ಸಂತೆಯಲ್ಲಿ ಹತ್ತಾರು ಜನರನ್ನು ಎತ್ತಿ ಒಗೆಯುವಾಗ ಇಡೀ ಟಾಕೀಸು ಶಿಳ್ಳೆ ಹೊಡೆದರೆ, ನನಗೆ ಮಗುಚಿಬಿದ್ದ ಟೊಮೆಟೊ ಗಾಡಿಯವನ ಚಿಂತೆ. ಭರ್ಜರಿಯಾಗಿ ಓಡುವ ಸಿನಿಮಾಗಳಲ್ಲಿ ಆ ಗಾಡಿಯವನು ಮತ್ತೆ ಕಾಣಿಸುವುದೇ ಇಲ್ಲ. ಓಡದ ಸಿನಿಮಾಗಳಲ್ಲಿ ಮಾತ್ರ ಕ್ಯಾಮರಾ ಒಮ್ಮೊಮ್ಮೆ ಅವನ ಪಕ್ಕ ನಿಂತುಬಿಡುತ್ತದೆ, ಅವನು ಟೊಮೆಟೊ ಆರಿಸಿಕೊಂಡು ಮುಗಿಸುವವರೆಗೆ. ಅಷ್ಟರಲ್ಲಿ ಜನ ಬೀಡಿ ಸೇದಲು ಎದ್ದುಹೋಗಿರುತ್ತಾರೆ. ನಾನು ಕೂತಿರುತ್ತೇನೆ.

ಅಂಥ ಒಂದು ಸಿನಿಮಾದಿಂದ ನನ್ನ ಮದುವೆ ತಪ್ಪಿಹೋಗುವುದರಲ್ಲಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬೆಂಗಳೂರಿನಿಂದ ಒಬ್ಬ ಹೊಸ ಡೈರೆಕ್ಟರ್ ಆಲೂರು ಕಡೆಯ ಒಂದು ಕಾಫಿ ತೋಟಕ್ಕೆ ಶೂಟಿಂಗಿಗೆ ಬಂದ. ಸಣಕಲು ಮನುಷ್ಯ, ಒಂದೇ ಸ್ವೆಟರು, ಟೀ ಮೇಲೆ ಟೀ. ಅವನಿಗೆ ತೋಟದ ತುಂಬ ಕಾಫಿ ಹೂವು ಬೇಕಿತ್ತು. ಬಂದದ್ದು ಡಿಸೆಂಬರಿನಲ್ಲಿ, ಗಿಡಗಳೆಲ್ಲ ಕೆಂಪು ಹಣ್ಣು ಹೊತ್ತು ನಿಂತಿದ್ದಾಗ. ಹೂವು ಬರುವುದು ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಎಂದು ಯಾರೋ ಹೇಳಿದಾಗ ಅವನು ಇನ್ನೊಂದು ಟೀ ತರಿಸಿಕೊಂಡನಂತೆ. ಆಮೇಲೆ ಪೇಟೆಗೆ ಜೀಪು ಕಳಿಸಿ, ಹಾಸಿಗೆ ಅಂಗಡಿಯ ಭಾಯಿಯಿಂದ ಮೂಟೆಗಟ್ಟಲೆ ಹತ್ತಿ ತರಿಸಿದ. ಸುತ್ತಲಿನ ಕೂಲಿ ಲೈನುಗಳ ಜನ, ಸ್ಕೂಲು ಮಕ್ಕಳು, ತೋಟದ ಲೆಕ್ಕ ಬರೆಯುವ ರೈಟರು ಎಲ್ಲ ಸೇರಿ ರೆಂಬೆರೆಂಬೆಗೂ ಹತ್ತಿ ಅಂಟಿಸಿದರು. ಮಾರನಹಳ್ಳಿಯಿಂದಲೂ ಜನ ಬಂದು ಅಂಟಿಸಿದ್ದುಂಟು.

ಮುಂದಿನ ವರ್ಷ ಸಿನಿಮಾ ನಮ್ಮ ಟಾಕೀಸಿಗೆ ಬಂತು. ಬೆಂಗಳೂರಿನ ಪತ್ರಿಕೆಯವರು ಮೊದಲೇ ಅದನ್ನು ನಿಧಾನ, ನೀರಸ ಎಂದು ಮೂಲೆಗೆ ಒತ್ತಿದ್ದರು. ಆದರೂ ಮೊದಲ ದಿನ ನಮ್ಮಲ್ಲಿ ಹೌಸ್‌ಫುಲ್. ಯಾಕೆಂದರೆ ಬಂದವರೆಲ್ಲ ಹತ್ತಿ ಅಂಟಿಸಿದವರೇ, ಇಲ್ಲವೇ ಅಂಟಿಸಿದವರ ನೆಂಟರು.

ಕಥೆ ಇಷ್ಟೇ: ಒಂದೇ ತೋಟದ ಮನೆಯಲ್ಲಿ ಮಾತುಬಿಟ್ಟ ಅಣ್ಣ ಮತ್ತು ತಂಗಿ. ಹೇಳಬೇಕಾದದ್ದನ್ನೆಲ್ಲ ನಾಯಿಗೆ ಹೇಳುತ್ತಾರೆ. "ಸಾರಿಗೆ ಉಪ್ಪಿಲ್ಲ ಅಂತ ಹೇಳು ಅವಳಿಗೆ" ಎಂದು ಅಣ್ಣ ನಾಯಿಗೆ ಹೇಳಿದರೆ, ನಾಯಿ ಬಾಲ ಆಡಿಸುತ್ತದೆ. ಕೊನೆಗೆ ತಂಗಿ ಹೂವಿನ ತೋಟದ ನಡುವೆ ನಡೆದು ಬಂದು, ನಾಯಿಯನ್ನು ದಾಟಿ, ಅಣ್ಣನ ಎದುರು ನಿಲ್ಲುತ್ತಾಳೆ. ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಆಗ ಮುಂದಿನ ಸಾಲಿನಲ್ಲಿ ಹಾಸಿಗೆ ಅಂಗಡಿಯ ಭಾಯಿ ಎದ್ದು ನಿಂತು, ಹೆಮ್ಮೆಯಿಂದಲೇ, "ಎಲ್ಲಾ ನಮ್ಮ ಅಂಗಡಿ ಹತ್ತಿ ಕಣ್ರಪ್ಪಾ" ಎಂದರು.

ಅಲ್ಲಿಗೆ ಮುಗಿಯಿತು. "ಹತ್ತಿ ಕೆಳಗೆ ಹಣ್ಣು ಕಾಣ್ತಾ ಐತೆ ಕಣೋ." "ಗಿಡದಾಗಿನ ಬೇಡದ ಕಂಬಚಿಗುರೇ ತೆಗ್ದಿಲ್ವಲ್ಲ, ಯಾರ ತೋಟ ಮಾರಾಯ ಇದು?" "ಆ ನೆರಳಿಗೆ ಹತ್ತಿ ಬಂದಿದ್ದೇ ಹೆಚ್ಚು." ಆ ತಂಗಿ ಅಣ್ಣನಿಗೆ ಏನು ಹೇಳಿದಳೆಂದು ಅವತ್ತು ಒಬ್ಬನಿಗೂ ಕೇಳಿಸಲಿಲ್ಲ. ನಮ್ಮ ಕಡೆಯವರ ಕಣ್ಣೇ ಹಾಗೆ: ಗಿಡದ ಪಕ್ಕ ಮನುಷ್ಯ ಅಳುತ್ತ ನಿಂತರೂ ಮೊದಲು ಗಿಡ ನೋಡುತ್ತಾರೆ.

ಅವಳು ಹೇಳಿದ್ದೇನೆಂದು ತಿಳಿಯದೆ ನನಗೆ ನಿದ್ದೆ ಬರುವಂತಿರಲಿಲ್ಲ. ಮಾರನೆಯ ದಿನ ಮ್ಯಾಟಿನಿಗೆ ಹೋದೆ. ಟಾಕೀಸು ಖಾಲಿ. "ಸಾರಿಗೆ ಉಪ್ಪು ಹಾಕಿದೀನಿ, ಬಾ" ಎಂದಿದ್ದಳು. ಅದನ್ನು ಕೇಳಲು ಇನ್ನೊಮ್ಮೆಯೂ ಹೋದೆ. ಶುಕ್ರವಾರ ಗೋಡೆಯ ಮೇಲೆ ಬೇರೆ ಪೋಸ್ಟರು ಬಂತು.

ಇದಾಗಿ ಕೆಲವು ತಿಂಗಳಿಗೆ ನನ್ನ ಚಿಕ್ಕಪ್ಪ ಒಂದು ಸಂಬಂಧ ತಂದರು. ಆನೇಮಹಲ್ ಹತ್ತಿರದ ನಮ್ಮ ಸಣ್ಣ ತೋಟ, ನನ್ನ ಮೂವತ್ತು ದಾಟಿದ ವಯಸ್ಸು, ಎಲ್ಲದಕ್ಕೂ ಹಣೆ ಗಂಟಿಕ್ಕುವ ನನ್ನ ಮುಖ, ಇವುಗಳನ್ನೆಲ್ಲ ನೋಡಿಯೂ ಒಪ್ಪಬಹುದಾದ ಮನೆ ಎಂದರೆ ಇದೊಂದೇ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ಹುಡುಗಿಯ ಫೋಟೋ ನೋಡಿದ ದಿನದಿಂದ ನನಗೂ ಇದು ತಪ್ಪಬಾರದು ಅನಿಸಿತ್ತು. ಫೋಟೋದಲ್ಲಿ ಅವಳು ನಗು ತಡೆದುಕೊಂಡ ಹಾಗೆ ಕಾಣುತ್ತಿದ್ದಳು. ಯಾವುದಕ್ಕೆ ಎಂಬ ಚಿಂತೆ ಬೇರೆ ಹತ್ತಿಕೊಂಡಿತ್ತು.

ಹೆಣ್ಣು ನೋಡಲು ಹೊರಟ ಜೀಪಿನಲ್ಲಿ ಚಿಕ್ಕಪ್ಪ ಎಚ್ಚರಿಕೆ ಕೊಟ್ಟರು.

"ಒಂದು ಮಾತು ಕಣೋ. ಅಲ್ಲಿ ಸಿನ್ಮಾ ಸುದ್ದಿ ಎತ್ತಬ್ಯಾಡ."

"ಯಾಕೆ?"

"ಆ ಹತ್ತಿ ಪಿಕ್ಚರ್ ತೆಗ್ದಿದ್ದು ಅವರ ತೋಟದಾಗೇ. ಆವಾಗಿಂದ ಊರೋರೆಲ್ಲ 'ಹತ್ತಿ ತೋಟದ ಗೌಡ್ರು' ಅಂತಾರೆ ಆಯಪ್ಪಂಗೆ. ಹಿಂದಿನ ಸಲ ಬಂದ ಗಂಡು ತಮಾಷೆಗೆ ಅಂತ ಹತ್ತಿ ರೇಟ್ ಎಷ್ಟು ಅಂದನಂತೆ. ಕಾಫಿ ಕೊಡದೆ ಕಳಿಸ್ಬುಟ್ರಂತೆ."

"ಆದ್ರೆ ಆ ಪಿಕ್ಚರ್ ನಿಜವಾಗ್ಲೂ ಚೆನ್ನಾಗೈತೆ ಚಿಕ್ಕಪ್ಪ."

ಚಿಕ್ಕಪ್ಪ ಜೀಪು ನಿಧಾನ ಮಾಡಿ ನನ್ನ ಮುಖ ನೋಡಿದರು. "ಅದನ್ನಂತೂ ಹೇಳಲೇಬ್ಯಾಡ ಮಾರಾಯ."

ಹೇಳಬೇಡ ಎಂದದ್ದು ನನ್ನ ತಲೆಯಲ್ಲಿ ಉಳಿಯುವ ರೀತಿಯೇ ಬೇರೆ. ಆಲೂರು ದಾಟುವಷ್ಟರಲ್ಲಿ ನನಗೆ ಹತ್ತಿಯ ಹೊರತು ಬೇರೆ ಪದವೇ ನೆನಪಿರಲಿಲ್ಲ. ಹುಡುಗಿಯ ಅಪ್ಪ ಗೇಟಿನಲ್ಲೇ ಎದುರಾದರು. ಬೆಳ್ಳಗೆ ತುಂಬು ಮೀಸೆ. ಮೀಸೆ ನೋಡಿದರೂ ನನಗೆ ಹತ್ತಿ ನೆನಪಾಯಿತು.

ನಮ್ಮ ಕಡೆ ಹೆಣ್ಣು ನೋಡುವ ಮೊದಲು ತೋಟ ನೋಡುವ ಪದ್ಧತಿ. ಗಂಡಿನ ಕಡೆಯವರು ಗಿಡ ಹೊಗಳಬೇಕು, ಹೆಣ್ಣಿನ ಕಡೆಯವರು "ಈ ಸಲ ಏನೂ ಇಲ್ಲ ಬುಡಿ" ಎನ್ನಬೇಕು. ಅಷ್ಟನ್ನೂ ನಾನು ತಪ್ಪಿಲ್ಲದೆ ಮುಗಿಸಿದೆ. ಮನೆಗೆ ವಾಪಸು ಬರುವಾಗ ಕಾಫಿ ಒಣಗಿಸುವ ಕಣ ಎದುರಾಯಿತು. ಪಕ್ಕದಲ್ಲಿ ಹಲಸಿನ ಮರ, ಎರಡು ಕಲ್ಲಿನ ಮೆಟ್ಟಿಲು, ಮೂಲೆಯಲ್ಲಿ ಮಡಿಸಿಟ್ಟ ಟಾರ್ಪಾಲು. ನನಗೆ ಗೊತ್ತಿದ್ದ ಜಾಗ.

"ಇದು ಅದೇ ಕಣ ಅಲ್ವಾ?" ಎಂದು ನನ್ನ ಬಾಯಿ ಕೇಳಿಬಿಟ್ಟಿತು. "ಪಿಕ್ಚರ್‌ನಲ್ಲಿ ಬರೋದು?"

ಚಿಕ್ಕಪ್ಪ ಕೆಮ್ಮಿದರು. ಗೌಡರು ನಿಂತರು. "ನೀವು ಹತ್ತಿ ನೋಡಕ್ಕೆ ಬಂದ್ರೋ, ಹೆಣ್ಣು ನೋಡಕ್ಕೆ ಬಂದ್ರೋ?"

"ಇಲ್ಲ ಇಲ್ಲ, ಆ ಪಿಕ್ಚರ್ ನಂಗೆ ತುಂಬಾ ಇಷ್ಟ ಆಯ್ತು. ಮತ್ತೆ ಮತ್ತೆ ಹೋಗಿ ನೋಡಿದೀನಿ."

"ನೋಡ್ತೀರ, ನೋಡ್ತೀರ," ಎಂದರು ಗೌಡರು. "ನಗಕ್ಕೆ ಪುಕ್ಸಟ್ಟೆ ಸಿಕ್ರೆ ಯಾರಾದ್ರೂ ನೋಡ್ತಾರೆ."

ನನ್ನ ಸಂಕಟ ನೋಡಿ. ಆ ಸಿನಿಮಾವನ್ನು ಎಲ್ಲರೂ ಇದೇ ಮಾತಿನಲ್ಲಿ, ಇದೇ ಮುಖ ಮಾಡಿಕೊಂಡು ಹೊಗಳುತ್ತಿದ್ದರು, ನಗಿಸಲು. ನನ್ನ ಮೆಚ್ಚುಗೆಗೆ ಅಂತ ಬೇರೆ ಮಾತು ಉಳಿದಿರಲಿಲ್ಲ. "ಬಹಳ ಒಳ್ಳೆ ಪಿಕ್ಚರ್" ಎಂದಷ್ಟೂ ಕೊಂಕು ಹೆಚ್ಚಾಗಿ ಕೇಳುತ್ತಿತ್ತು. ಚಿಕ್ಕಪ್ಪ ಹಿಂದಿನಿಂದ ನನ್ನ ಅಂಗಿ ಜಗ್ಗಿದರು. ಗೌಡರು ಆಗಲೇ ಮನೆಯ ಕಡೆ ಅಲ್ಲ, ಗೇಟಿನ ಕಡೆ ತಿರುಗಿದ್ದರು.

ಜಗುಲಿಯಲ್ಲಿ ತಟ್ಟೆ ಹಿಡಿದು ಹುಡುಗಿ ನಿಂತಿದ್ದಳು. ತಟ್ಟೆಯಲ್ಲಿ ಕೇಸರಿಬಾತು. ಫೋಟೋದಲ್ಲಿದ್ದ ನಗು ಇರಲಿಲ್ಲ.

ಹೊಗಳುವುದನ್ನು ಬಿಟ್ಟು, ಕಂಡದ್ದನ್ನು ಹೇಳಲು ಶುರುಮಾಡಿದೆ. ಧೈರ್ಯದಿಂದಲ್ಲ, ಬೇರೆ ದಾರಿ ಕಾಣದೆ.

"ಅಣ್ಣ ನಾಯಿಗೆ ಬೈದು ಹೋದ್ಮೇಲೆ ಒಂದು ಶಾಟ್ ಐತೆ," ಎಂದೆ. "ಅಣ್ಣನೂ ಇಲ್ಲ, ತಂಗಿನೂ ಇಲ್ಲ. ಈ ಕಣ ಮಾತ್ರ. ಒಬ್ಬರು ನಮಗೆ ಬೆನ್ನು ಹಾಕ್ಕೊಂಡು ಗೋರುಮಣೆ ಹಿಡ್ದು ಕಾಫಿ ತಿರುವಿ ಹಾಕ್ತಾ ಇರ್ತಾರೆ. ಇದ್ದಕ್ಕಿದ್ದಂಗೆ ನಿಂತು ಆಕಾಶ ನೋಡ್ತಾರೆ. ಹೋಗಿ ಟಾರ್ಪಾಲ್ ಒಂದು ಮೂಲೆ ಎಳೀತಾರೆ. ಬಿಡ್ತಾರೆ. ಇನ್ನೊಂದ್ಸಲ ಮೇಲೆ ನೋಡ್ತಾರೆ. ಮತ್ತೆ ಎಳೀತಾರೆ. ಮುಚ್ಚಿದ್ರೆ ಕಾಫಿ ಬೆವರ್ತದೆ, ಬಿಟ್ರೆ ಮಳೆ ಬರ್ತದೆ. ಒಂದು ಮಾತಿಲ್ಲ. ಮ್ಯೂಸಿಕ್ಕೂ ಇಲ್ಲ. ನಾನು ದಿನಾ ಹಿಂಗೇ ಇರ್ತೀನಿ, ಕಾಫಿ ಇದ್ರೂ ಇಲ್ದಿದ್ರೂ. ಅದನ್ನ ಯಾರೋ ನೋಡಿ ತೆಗ್ದಿದಾರಲ್ಲ ಅನ್ನಿಸ್ತು. ಆ ಮನುಷ್ಯಂಗೆ ಏನಾಯ್ತೋ ಅಂತ ಇವತ್ತಿಗೂ ಯೋಚ್ನೆ ಮಾಡ್ತೀನಿ."

ಗೌಡರು ಮೀಸೆ ಸವರಿಕೊಂಡರು. ಅವರು ಕಣದ ಕಡೆ ನೋಡುತ್ತಿದ್ದರು. ನನಗೆ ಆಗ ಹೊಳೆದದ್ದು: ಅಗಲ ಬೆನ್ನು, ಎಡಕ್ಕೆ ತುಸು ವಾಲಿದ ಹೆಗಲು.

"ಅದು ಅಪ್ಪ," ಎಂದಳು ಹುಡುಗಿ ಜಗುಲಿಯಿಂದ.

"ಆ ಡೈರೆಕ್ಟರು ಸುಮ್ಕೆ ಕಾಫಿ ತಿರುವಿ ಅಂದಿದ್ದ," ಎಂದರು ಗೌಡರು ಮೆಲ್ಲಗೆ. "ಅವತ್ತು ನಿಜ್ವಾಗ್ಲೂ ಬಿಸಿಲೆ ಘಾಟಿ ಕಡೆಯಿಂದ ಮೋಡ ಎದ್ದಿತ್ತು ಕಣ್ರೀ. ಕ್ಯಾಮರಾ ಇರೋದೇ ನಂಗೆ ಗ್ಯಾನ ಇರ್ಲಿಲ್ಲ. ಆ ಶಾಟು ಇಟ್ಕಂಡವ್ನಾ ಅವ್ನು?"

"ನೀವು ನೋಡ್ಲಿಲ್ವಾ?"

"ನೋಡೋದೇನು. ಮೊದಲ್ನೇ ದಿನ ನೋಡ್ದೋರು ಬಂದು ಹತ್ತಿ ಸುದ್ದಿ ಹೇಳಿದ್ರು. ಈ ಮನೆಯೋರು ಯಾರೂ ಆ ಕಡೆ ತಲೆ ಹಾಕಬ್ಯಾಡಿ ಅಂದ್ಬುಟ್ಟೆ."

"ಕೊನೆಗೆ ಮುಚ್ತಾರಾ?" ಹುಡುಗಿ ಕೇಳಿದಳು. ಕೇಳಿದ್ದು ನನ್ನನ್ನು.

"ಗೊತ್ತಾಗಲ್ಲ. ಶಾಟ್ ಅಲ್ಲಿಗೇ ಮುಗಿಯುತ್ತೆ."

"ಮುಚ್ಚಿದೆ," ಎಂದರು ಗೌಡರು. "ಮಳೆ ಬರ್ಲಿಲ್ಲ."

ಆಗ ಅವಳು ನಕ್ಕಳು, ತಡೆದುಕೊಳ್ಳದೆ. ಕೇಸರಿಬಾತು ತಣ್ಣಗಾಗಿತ್ತು. ಕಾಫಿ ಮಾತ್ರ ಎರಡು ಸಲ ಬಂತು.

ಹೊರಡುವಾಗ ಗೌಡರು ಚಿಕ್ಕಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಹುಡುಗ ಬಾಳ ಯೋಚ್ನೆ ಮಾಡೋ ಜಾತಿ. ತೋಟ ಇರೋ ಮನೆಗೆ ಅಂಥೋನು ಒಬ್ಬ ಇರ್ಬೇಕು ಬುಡಿ." ನನ್ನ ಚಿಂತೆಯನ್ನು ಯೋಗ್ಯತೆಯ ಪಟ್ಟಿಗೆ ಸೇರಿಸಿದವರು ಅದಕ್ಕಿಂತ ಮೊದಲೂ ಇರಲಿಲ್ಲ, ಆಮೇಲೂ ಸಿಕ್ಕಿಲ್ಲ.

ಮದುವೆಯಾಯಿತು. ಗೌಡರು ಮಾವನಾದರು. ಆ ಸಿನಿಮಾ ಮಾತ್ರ ಎಲ್ಲೂ ಸಿಗಲಿಲ್ಲ. ಟಿವಿಯಲ್ಲಿ ಬರಲಿಲ್ಲ, ಆ ಡೈರೆಕ್ಟರ್ ಮತ್ತೆ ಸಿನಿಮಾ ತೆಗೆದ ಸುದ್ದಿಯೂ ಇಲ್ಲ. ವಿಸಿಡಿ ಕಾಲ ಬಂದ ಮೇಲೆ ಒಂದು ದಿನ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ, ಹಾಸ್ಯ ಚಿತ್ರಗಳ ಸಾಲಿನಲ್ಲಿ ಅದು ಕಣ್ಣಿಗೆ ಬಿತ್ತು. ಹಾಸ್ಯದ ಸಾಲಿನಲ್ಲಿ ಇಟ್ಟದ್ದಕ್ಕೆ ಅಂಗಡಿಯವನೊಡನೆ ಜಗಳಾಡಿ, ಕೊಂಡುಕೊಂಡು ಬಂದೆ.

ಭಾನುವಾರ ಮಧ್ಯಾಹ್ನ ಮಾವನ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತೆವು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ನಾಯಿ ಬಂತು, ಉಪ್ಪಿಲ್ಲದ ಸಾರು ಬಂತು, ಅಣ್ಣ ಬೈದು ಹೊರಗೆ ಹೋದ. ನಾನು ಮುಂದಕ್ಕೆ ಬಾಗಿದೆ. ಪರದೆಯ ಮೇಲೆ ನೇರವಾಗಿ ಮರುದಿನ ಬೆಳಗಾಗಿಬಿಟ್ಟಿತು. ಎರಡು ಡಿಸ್ಕಿಗೆ ಹಿಡಿಸಲು ಎಲ್ಲಿ ಕತ್ತರಿಸಬೇಕೋ ಅಲ್ಲಿ ಕತ್ತರಿಸಿದ್ದರು. ಹತ್ತಿಯ ಸೀನು ಪೂರ್ತಿ ಇತ್ತು.

"ಎಲ್ಲಿ?" ಎಂದರು ಮಾವ.

"ಇತ್ತು," ಎಂದೆ. "ಟಾಕೀಸಲ್ಲಿ ಇತ್ತು."

ಹೆಂಡತಿ ನನ್ನ ಮುಖ ನೋಡಿದಳು. "ಹೆಣ್ಣು ಕೊಡ್ಲಿ ಅಂತ ಕಟ್ಟಿದ ಕಥೆ ಅಲ್ಲ ತಾನೇ?"

ತಮಾಷೆಗೆ ಕೇಳಿದ್ದು. ನನಗೆ ಮಾತ್ರ ಹೊಸ ಚಿಂತೆ ಸಿಕ್ಕಿತು. ಆ ಶಾಟನ್ನು ನೋಡಿದವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ, ಉಳಿದವರು ಬೀಡಿ ಸೇದಲು ಹೋಗಿದ್ದರು. ಮಾವ ನನ್ನನ್ನು ಪಾರುಮಾಡಿದರು. "ನಾನು ಟಾರ್ಪಾಲ್ ಎಳ್ದು ಬಿಟ್ಟಿದ್ದು ಇವ್ನಿಗೆ ಹೆಂಗೆ ಗೊತ್ತಾಗ್ತಿತ್ತು, ನೋಡ್ದೆ ಇದ್ರೆ?" ಎಂದು ಮಗಳಿಗೆ ಹೇಳಿ, ನನ್ನ ಕಡೆ ತಿರುಗಿ, "ಇರ್ಲಿ, ನೀನೇ ಹೇಳು" ಎಂದರು.

ಅವತ್ತಿನಿಂದ ಅದು ನನ್ನ ಕೆಲಸ. ನೆಂಟರು ಬಂದು ಹತ್ತಿಯ ಮಾತು ತೆಗೆದರೆ ಮಾವ ಈಗ ಗೇಟು ತೋರಿಸುವುದಿಲ್ಲ, "ನಮ್ಮ ಅಳಿಯನ್ನ ಕೇಳಿ" ಎನ್ನುತ್ತಾರೆ. ನಾನು ಹೇಳುತ್ತೇನೆ. ಹೇಳಿ ಹೇಳಿ ಆ ಶಾಟು ಸ್ವಲ್ಪ ಉದ್ದವಾಗಿದೆ. "ಹೋದ ಸಲ ಗುಡುಗು ಇರ್ಲಿಲ್ಲ" ಎಂದು ಹೆಂಡತಿ ಅಡುಗೆಮನೆಯಿಂದ ತಿದ್ದುತ್ತಾಳೆ. "ಎಳ್ದಿದ್ದು ಆ ಮೂಲೆ ಅಲ್ಲ, ಹಲಸಿನ ಮರದ ಕಡೇದು" ಎಂದು ಮಾವ ತಿದ್ದುತ್ತಾರೆ.

ಹೋದ ಕೊಯ್ಲಿನಲ್ಲಿ ಹೀಗೇ ಒಂದು ಸಂಜೆ ಜಗುಲಿಯಲ್ಲಿ ಕೂತಿದ್ದೆವು. ಮಾವ ಮಾತಿನ ನಡುವೆಯೇ ಎದ್ದು ಕಣಕ್ಕೆ ಇಳಿದರು. ಬೆನ್ನು ನಮ್ಮ ಕಡೆ. ಬಿಸಿಲೆ ಕಡೆ ನೋಡಿದರು. ಟಾರ್ಪಾಲಿನ ಮೂಲೆ ಎಳೆದರು, ಬಿಟ್ಟರು. ಹಲಸಿನ ಮರದ ಕಡೆಯದೇ.

"ಮುಚ್ತಾರಾ?" ಎಂದಳು ಹೆಂಡತಿ ಮೆಲ್ಲಗೆ.

"ಸುಮ್ನಿರು," ಎಂದೆ. "ನೋಡು."