ಕ್ಯಾನು ಮೂಸುತ್ತಿದ್ದ ನಮ್ಮ ಅತ್ತಿಗೆ

ನಾನು ಕುಡಿದು ಶಿಶುವಿಹಾರಕ್ಕೆ ನುಗ್ಗಿ ಮಕ್ಕಳ ನೀರನ್ನು ನೆಲಕ್ಕೆ ಚೆಲ್ಲಿದೆ ಎಂದು ಹೇಳುವವರು ನಮ್ಮ ಬೀದಿಯಲ್ಲಿ ಇವತ್ತಿಗೂ ಇದ್ದಾರೆ. ಚೆಲ್ಲಿದ್ದು ನಿಜ. ಕುಡಿದಿರಲಿಲ್ಲ. ಜನ್ಮದಲ್ಲಿ ಅದನ್ನು ನಾಲಿಗೆಗೆ ಸೋಕಿಸಿದವನಲ್ಲ ನಾನು. ಕುಡಿಯದೆ ಬರುವ ಸಿಟ್ಟೇ ನನಗೆ ಸಾಕಾಗಿ ಮಿಗುತ್ತದೆ. ಮೊನ್ನೆ ಕ್ಷೌರದ ಅಂಗಡಿಯಲ್ಲಿ ಒಬ್ಬ, ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕುಳಿತವನು, "ಏನಣ್ಣಾ, ನೀರು ಕಂಡ್ರೆ ಆಗಲ್ವಂತೆ ನಿನಗೆ. ಬೇರೇದೇನಾದ್ರೂ ತರಿಸ್ಲಾ?" ಎಂದ. ಕುರ್ಚಿಯಿಂದ ಎಬ್ಬಿಸಿ ಎರಡು ಬಿಡುತ್ತಿದ್ದೆ. ಕ್ಷೌರದವನ ಕೈಯಲ್ಲಿ ಕತ್ತಿ ಇತ್ತು, ಅದಕ್ಕೆ ಬಿಟ್ಟುಬಿಟ್ಟೆ.

ಆವತ್ತು ನಡೆದದ್ದನ್ನು ಹೇಳಬೇಕಾದರೆ ಮೊದಲು ನನ್ನ ಅತ್ತಿಗೆಯ ವಿಷಯ ಹೇಳಬೇಕು.

ಅಣ್ಣ ಉಗ್ರಾಣದಲ್ಲಿ ಮೂಟೆ ಹೊರುತ್ತಿದ್ದ. ಒಂದು ದಿನ ಮೂಟೆಗಳ ಮೇಲಿಂದ ಬಿದ್ದು ಬೆನ್ನು ಹೋಯಿತು. ಅಂದಿನಿಂದ ಮಂಚವೇ ಗತಿ. ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನು ಆಗಲೇ ಕುಡಿಯುವ ನೀರು ತುಂಬುವ ಒಂದು ಪ್ಲಾಂಟಿನಲ್ಲಿ, ಕ್ಯಾನುಗಳನ್ನು ಅಂಗಡಿ, ಆಫೀಸು, ಮನೆಗಳಿಗೆ ಹಾಕುವ ಗಾಡಿ ಓಡಿಸುತ್ತಿದ್ದೆ. ಧಣಿಯ ಕಾಲು ಹಿಡಿಯಲಿಲ್ಲ, ಜಗಳವಾಡಿಯೇ ಅತ್ತಿಗೆಗೆ ಅಲ್ಲಿ ಒಂದು ಕೆಲಸ ಕೊಡಿಸಿದೆ. ಕ್ಯಾನು ಮೂಸುವ ಕೆಲಸ.

ನಗಬೇಡಿ. ಖಾಲಿ ಕ್ಯಾನು ವಾಪಸು ಬರುತ್ತದಲ್ಲ, ಅದರಲ್ಲಿ ಜನ ಏನೇನು ತುಂಬಿಟ್ಟಿರುತ್ತಾರೆಂದು ನಿಮಗೆ ಗೊತ್ತಿಲ್ಲ. ಸೀಮೆಎಣ್ಣೆ, ಫಿನಾಯಿಲು, ತಿಗಣೆಗೆ ಹೊಡೆಯುವ ಔಷಧಿ. ಪೆಟ್ರೋಲು ತರಲು ಅದೇ ಕ್ಯಾನು. ಮಾರನೆಯ ವಾರ ಅದನ್ನೇ ಗಲಗಲ ತೊಳೆದು, ಏನೂ ಅರಿಯದವರಂತೆ ನನ್ನ ಗಾಡಿಗೆ ಎತ್ತಿ ಇಡುತ್ತಾರೆ. ಪ್ಲಾಸ್ಟಿಕ್ಕು ವಾಸನೆಯನ್ನು ಒಳಗೆ ಎಳೆದುಕೊಂಡಿರುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ. ಅಂಥ ಕ್ಯಾನು ಸಿಕ್ಕಿದರೆ ಅತ್ತಿಗೆ ಸುತ್ತಿಗೆ ಮೊಳೆ ತೆಗೆದುಕೊಂಡು ಅದರ ತಳಕ್ಕೆ ತೂತು ಹೊಡೆಯುತ್ತಿದ್ದರು, ಮತ್ತೆ ಯಾರೂ ತುಂಬಬಾರದೆಂದು. ಪ್ರತಿ ಏಟಿಗೂ ಧಣಿ ಒಳಗಿನಿಂದ, "ಅಮ್ಮಾ ತಾಯಿ, ನನ್ನ ಎದೆಗೇ ಹೊಡೀತಿದ್ದೀಯ" ಎಂದು ಕೂಗುತ್ತಿದ್ದ.

"ಎದೆ ಇದ್ದಿದ್ರೆ ಸದ್ದು ಬೇರೆ ಥರ ಬರ್ತಿತ್ತು ಧಣಿ" ಎನ್ನುತ್ತಿದ್ದರು ಅತ್ತಿಗೆ, ತಲೆ ಎತ್ತದೆ.

ಪ್ಲಾಂಟಿನ ಮುಂಭಾಗಕ್ಕೆ ಗಾಜಿನ ಕೋಣೆ. ಅಲ್ಲಿ ತಲೆಗೆ ಟೋಪಿ, ಮೂತಿಗೆ ಬಟ್ಟೆ ಕಟ್ಟಿಕೊಂಡ ಹುಡುಗಿಯರು ನೀರು ತುಂಬಿ ಸೀಲು ಹಾಕುವುದನ್ನು ಬಂದವರೆಲ್ಲ ನೋಡಬಹುದು. ಹಿಂದುಗಡೆ ತಗಡಿನ ಮಾಡು, ಒದ್ದೆ ನೆಲ, ಒಂದು ಗಿಡ್ಡ ಸ್ಟೂಲು. ಅದು ಅತ್ತಿಗೆಯ ಜಾಗ. ಎಲ್ಲರೂ ಅವರನ್ನು ಮೂಗಿನಕ್ಕ ಎನ್ನುತ್ತಿದ್ದರು. ಅವರಿಗೆ ಆ ಹೆಸರು ಹಿಡಿಸಿತ್ತು. "ಒಬ್ಬೊಬ್ರು ಕೈ ದುಡಿಮೇಲಿ, ಒಬ್ಬೊಬ್ರು ಬಾಯಿ ದುಡಿಮೇಲಿ ಬದುಕ್ತಾರೆ. ನಮ್ಮನೆ ಒಲೆ ಉರಿಯೋದು ಮೂಗಿಂದ" ಎಂದು ಅಣ್ಣನನ್ನು ರೇಗಿಸುತ್ತಿದ್ದರು. ಅಣ್ಣನ ಮಾತ್ರೆ, ಬಾಡಿಗೆ, ಅಕ್ಕಿ ಎಲ್ಲವೂ ಆ ಮೂಗಿನ ಮೇಲೆಯೇ ನಿಂತಿದ್ದವು.

ಕ್ಯಾನಿನ ನೀರು ಆಗ ಬೆಂಕಿಯ ಹಾಗೆ ಹಬ್ಬುತ್ತಿದ್ದ ಕಾಲ. ಮನೆಯ ನಲ್ಲಿಯಲ್ಲಿ ಚೆನ್ನಾದ ನೀರು ಬರುವವರೂ ತರಿಸಿಕೊಳ್ಳತೊಡಗಿದ್ದರು. ನೆಂಟರಿಗೆ ಲೋಟದಲ್ಲಿ ನೀರು ಕೊಟ್ಟರೆ, "ಇದು ಕ್ಯಾನಿಂದಾ?" ಎಂದು ಕೇಳಿಯೇ ಬಾಯಿಗೆ ಇಡುವರು. ಸೀಲು ಕಂಡರೆ ಸಾಕು, ಕಣ್ಣು ಮುಚ್ಚಿ ಕುಡಿಯುವರು. ಅದೇ ಸೀಲು ಹಾಕಿದ ಕ್ಯಾನನ್ನು ಅಂಗಡಿಯವರು ಬಿಸಿಲಿನಲ್ಲಿ ಇಟ್ಟು, ಒಳಗೆ ಪಾಚಿ ಕಟ್ಟಿದರೆ ನನ್ನ ಮೇಲೆ ಹಾರುವರು. ನಾನು ಸುಮ್ಮನಿರುತ್ತೇನೆಯೇ? ನನ್ನ ನಾಲಿಗೆ ಗಾಡಿಯಿಂದ ನನಗಿಂತ ಮೊದಲೇ ಇಳಿಯುತ್ತದೆ.

ಆ ವರ್ಷ ಊರಿಗೆಲ್ಲ ಒಂದು ಜ್ವರ ಬಂತು. ಅತ್ತಿಗೆಗೂ ಬಂತು, ಬಿಟ್ಟಿತು, ಅವರು ಮತ್ತೆ ಕೆಲಸಕ್ಕೆ ಹೋಗತೊಡಗಿದರು. ಅದಾಗಿ ಒಂದೆರಡು ದಿನ. ನಾನು ಬೆಳಗಿನ ಮೊದಲ ಸುತ್ತು ಮುಗಿಸಿ ಚಹಾಕ್ಕೆಂದು ಅವರ ಮನೆಗೆ ಹೋದೆ. ಬಾಗಿಲಲ್ಲೇ ಗಂಟಲು ಹಿಡಿಯುವ ಸುಟ್ಟ ವಾಸನೆ. ಒಲೆಯ ಮೇಲೆ ಹಾಲಿನ ಪಾತ್ರೆ ಸೀದು ಕರ್ರಗಾಗಿತ್ತು. ಅತ್ತಿಗೆ ಒಲೆಗೆ ಬೆನ್ನು ಹಾಕಿ ಈರುಳ್ಳಿ ಹೆಚ್ಚುತ್ತಿದ್ದರು.

"ಅತ್ತಿಗೆ, ಹಾಲು!"

"ಯಾವ ಹಾಲು?" ಎಂದು ತಿರುಗಿದವರು ಪಾತ್ರೆ ನೋಡಿ ಧಡಕ್ಕನೆ ಎದ್ದರು.

ಒಳಗಿನ ಮಂಚದಿಂದ ಅಣ್ಣ, "ಆಗ್ಲಿಂದ ಬಡ್ಕೋತಿದ್ದೀನಿ ಏನೋ ಸೀದಿದೆ ಅಂತ. ಕಿವೀನೂ ಹೋಯ್ತಾ ನಿಂದು?" ಎಂದ.

ಆ 'ಕಿವೀನೂ' ನನ್ನ ತಲೆಯಲ್ಲಿ ಚುರುಕ್ಕೆಂದಿತು. ಅತ್ತಿಗೆಯ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ.

"ವಾಸನೆ ಬರ್ತಿಲ್ವಾ ನಿಮ್ಗೆ?"

"ಬರುತ್ತೆ ಕಣೋ. ಇವತ್ತು ನಾಳೆಲಿ ಬರುತ್ತೆ."

"ಯಾವಾಗಿಂದ ಇಲ್ಲ?"

"ಜ್ವರ ಬಿಟ್ಟಾಗಿಂದ."

"ಮತ್ತೆ ನಿನ್ನೆ ಮೊನ್ನೆ ಅಲ್ಲಿ ಕೂತು ಏನ್ ಮೂಸಿದ್ರಿ?"

ಅತ್ತಿಗೆ ಪಾತ್ರೆಯನ್ನು ತೊಟ್ಟಿಗೆ ಹಾಕಿ ನೀರು ಬಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, "ನಿನ್ನೆ ಒಂದು ಕ್ಯಾನಿನ ಕೊರಳು ಕೈಗೆ ಅಂಟಂಟಾಗಿತ್ತು. ಮೂಸಿದೆ, ಏನೂ ಗೊತ್ತಾಗ್ಲಿಲ್ಲ. ಸುಮ್ಸುಮ್ನೆ ತೂತು ಹೊಡೆದ್ರೆ ಧಣಿ ಕೇಳ್ತಾನೆ. ಆ ಕಡೆ ತಳ್ಳಿಬಿಟ್ಟೆ. ಅದೇ ಕೊರೀತಿದೆ ನನ್ನ" ಎಂದರು.

ಹಗಲು ಮೂಸಿದ ಕ್ಯಾನು ಸಂಜೆ ತುಂಬಿ, ಮರುದಿನ ಬೆಳಿಗ್ಗೆ ಗಿರಾಕಿಯ ಮನೆಯಲ್ಲಿರುತ್ತದೆ. ಅಂದರೆ ಆ ಕ್ಯಾನನ್ನು ಎಲ್ಲೋ ಒಂದು ಕಡೆ ನನ್ನ ಕೈಯಾರೆ ನಾನೇ ಇಳಿಸಿ ಬಂದಿದ್ದೆ. ನಾನು ಏನು ಬೈದೆನೋ ನೆನಪಿಲ್ಲ. ಗಾಡಿಯ ಕೀಲಿ ಕೈಗೆ ತೆಗೆದುಕೊಂಡದ್ದು ನೆನಪಿದೆ. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ನನಗಿಂತ ಮೊದಲೇ ಹೋಗಿ ಗಾಡಿಯಲ್ಲಿ ಕುಳಿತಿದ್ದರು.

"ನೀವೆಲ್ಲಿಗೆ?"

"ಮೂಗು ನಿಂದು, ಕೈ ನಂದು. ನಡಿ."

ಮೊದಲು ದರ್ಜಿಯ ಅಂಗಡಿ. ನಾನು ಸೀದಾ ಒಳಗೆ ಹೋಗಿ ಕ್ಯಾನಿನ ಸೀಲು ಕಿತ್ತು ಮೂಗು ಇಟ್ಟೆ. ದರ್ಜಿ ಬಾಯಲ್ಲಿದ್ದ ಸೂಜಿ ತೆಗೆದು, "ಏಯ್, ಏನ್ ಮಾಡ್ತಿದ್ದೀಯಪ್ಪಾ? ಸೀಲ್ ಒಡೆದ ನೀರು ನನ್ನ ಗಿರಾಕಿಗಳು ಕುಡೀತಾರಾ?" ಎಂದ.

"ಬೇರೆ ತಂದು ಕೊಡ್ತೀವಿ ಅಣ್ಣಾ" ಎಂದರು ಅತ್ತಿಗೆ.

"ಅದನ್ನೂ ಇವನೇ ಮೂಸಿ ಕೊಡ್ತಾನಾ?"

ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ವಿಮೆ ಆಫೀಸಿನ ಕಾವಲಿನವನು ಒಳಗೆ ಬಿಡಲಿಲ್ಲ. ಅವನೊಂದಿಗೆ ನಾನು ಕೊರಳಪಟ್ಟಿ ಹಿಡಿದಾಡುತ್ತಿರುವಾಗಲೇ ಅತ್ತಿಗೆ ನುಸುಳಿ ಹೋಗಿ ಕ್ಯಾನಿನ ಕೊರಳು ಸವರಿ ಬಂದು, "ಇಲ್ಲಿಲ್ಲ, ಬಾ" ಎಂದರು. ವ್ಯಾಯಾಮಶಾಲೆಯಲ್ಲಿ ಹುಡುಗರು ಆಗಲೇ ಅರ್ಧ ಕ್ಯಾನು ಕುಡಿದು ಮುಗಿಸಿದ್ದರು. ಹೇಗಿತ್ತು ಎಂದು ಕೇಳಿದರೆ, "ಒದ್ದೆಯಾಗಿತ್ತು" ಎಂದು ಒಬ್ಬ ಹಲ್ಲು ಕಿರಿದ. ಅವನಿಗೆ ಏನೂ ಆಗಿಲ್ಲವೆಂದು ಖುಷಿ ಪಡಬೇಕೋ ಒಂದು ಬಾರಿಸಬೇಕೋ ತಿಳಿಯಲಿಲ್ಲ.

ರಸ್ತೆಯಲ್ಲಿ ಪ್ರತಿ ಕೆಂಪು ದೀಪವೂ ನನಗೆಂದೇ ಹತ್ತಿದಂತೆ ಹತ್ತುತ್ತಿತ್ತು. ಹಾರ್ನಿನಿಂದ ಕೈ ತೆಗೆಯಲಿಲ್ಲ. ಎಲ್ಲೋ ಯಾರೋ ಲೋಟ ಎತ್ತುತ್ತಿದ್ದಾರೆ, ಈಗ ಎತ್ತಿದರು, ಈಗ ಕುಡಿದರು, ಇದೇ ತಲೆಯಲ್ಲಿ. ಮೂಸಿ ಮೂಸಿ ನನ್ನ ಮೂಗೂ ಕೆಟ್ಟಿತು. ಡೀಸೆಲ್ಲು, ಬೆವರು, ಪಕ್ಕದ ಲಾರಿಯ ಮೀನು, ಎಲ್ಲ ಕಲಸಿ ಕ್ಯಾನಿನೊಳಗೂ ಅದೇ ಬರುತ್ತಿತ್ತು.

"ನನಗೂ ಏನೂ ಗೊತ್ತಾಗ್ತಿಲ್ಲ ಅತ್ತಿಗೆ."

"ನಿನ್ನ ತೋಳು ಮೂಸ್ಕೋ. ಒಂದ್ಸಲ ತೋಳು, ಆಮೇಲೆ ಕ್ಯಾನು. ನಾನು ಹಂಗೇ ಮಾಡ್ತಿದ್ದೆ" ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ ತಮ್ಮ ತೋಳನ್ನು ತಾವು ಮೂಸಿಕೊಂಡರು. ನಾನು ಕಂಡರೂ ಕಾಣದವನಂತೆ ಗೇರು ಬದಲಿಸಿದೆ.

ಶಿಶುವಿಹಾರ ಮುಟ್ಟಿದಾಗ ಮಕ್ಕಳು ತಿಂಡಿ ಡಬ್ಬಿ ಬಿಚ್ಚಿ ಸಾಲಾಗಿ ಕುಳಿತಿದ್ದರು. ಆಯಾ ಒಬ್ಬೊಬ್ಬರ ಲೋಟಕ್ಕೂ ನೀರು ಬಿಡುತ್ತಿದ್ದಳು. ಒಂದು ಹುಡುಗಿ ಲೋಟಕ್ಕೆ ತುಟಿ ತಾಗಿಸಿ ಮುಖ ಕಿವುಚಿದಳು. "ಹಟ ಮಾಡ್ಬೇಡ ಪುಟ್ಟಾ, ಕುಡಿ" ಎಂದಳು ಆಯಾ. ನಾನು ಬಾಗಿಲಿಂದ ಹಾರಿದವನೇ ಆ ಲೋಟ ಕಿತ್ತು ಎಸೆದೆ, ಉಳಿದ ಲೋಟಗಳನ್ನು ಕೈಯಿಂದ ಗುಡಿಸಿ ಹಾಕಿದೆ, ಸ್ಟ್ಯಾಂಡಿನ ಮೇಲೆ ತಲೆಕೆಳಗಾಗಿದ್ದ ಕ್ಯಾನನ್ನು ಎತ್ತಿ ನೆಲಕ್ಕೆ ಸುರಿದೆ. ಥಿನ್ನರ್! ಬಣ್ಣ ಕಲಸುವ ಥಿನ್ನರ್. ಕೋಣೆಯ ತುಂಬ ಗಮ್ಮೆಂದು ಎದ್ದಿತು. ಮಕ್ಕಳು ಒಟ್ಟಿಗೆ ಅಳತೊಡಗಿದವು.

"ಇದೇನಾ?" ಎಂದರು ಅತ್ತಿಗೆ, ನೀರಿನ ನಡುವೆ ನಿಂತು. ನಾನು ತಲೆ ಆಡಿಸಿದೆ.

ಮುಖ್ಯಸ್ಥೆ ಓಡಿ ಬಂದರು. ಮೂಗಿಗೆ ಕರವಸ್ತ್ರ ಹಿಡಿದು, "ಥೂ, ಎಂಥ ವಾಸನೆ! ಕುಡಿದು ಬಂದಿದ್ದೀಯಾ ನೀನು?" ಎಂದರು.

ಅತ್ತಿಗೆ, "ಇಲ್ಲಮ್ಮ, ಅದು ಕ್ಯಾನಿಂದು, ನನ್ನ..." ಎಂದು ಬಾಯಿ ತೆರೆದರು. ಅವರ ಕೆಲಸ ಹೋದರೆ ಗತಿ ಏನು? ಅವರ ಮುಖದಲ್ಲಿ ನನಗೆ ಅಣ್ಣನ ಮಂಚ ಕಂಡಿತು.

"ಹೌದು, ಕುಡಿದಿದ್ದೀನಿ. ಏನೀಗ?" ಎಂದೆ.

ಗೊತ್ತಾಯಿತಲ್ಲ, ಆ ಮಾತು ಹುಟ್ಟಿದ್ದು ಹೀಗೆ.

ಮಕ್ಕಳಿಗೆ ಬಾಯಾರಿಕೆ. ಬೇರೆ ಕ್ಯಾನಿಲ್ಲ. ಆಯಾಳ ಮನೆ ಹಿಂದಿನ ಓಣಿಯಲ್ಲೇ ಇತ್ತು. ಅವಳು ಅತ್ತಿಗೆಯನ್ನು ಕರೆದುಕೊಂಡು ಹೋಗಿ, ಕಾಯಿಸಿ ಆರಿಸಿ ಇಟ್ಟಿದ್ದ ನೀರನ್ನು ಒಂದು ಕೊಡ ತುಂಬ ಹೊತ್ತು ತಂದಳು. ತನ್ನ ಮನೆಗೆ ದಿನಕ್ಕಾಗುವಷ್ಟು ನೀರು ಅದು. ಎಲ್ಲರಿಗೂ ಕುಡಿಸಿದಳು.

"ನಿಮ್ಮನೇಲಿ ಏನೂ ಉಳೀಲಿಲ್ಲವಲ್ಲ ಅಕ್ಕಾ" ಎಂದರು ಅತ್ತಿಗೆ.

"ಇಂಥ ಮೈದುನನ್ನ ಸಾಕ್ತಿದ್ದೀರಲ್ಲ, ನಿಮ್ಮ ಕಷ್ಟದ ಮುಂದೆ ಇದೇನು ಬಿಡಿ" ಎಂದಳು ಅವಳು, ನನಗೆ ಕೇಳುವ ಹಾಗೆ.

"ನಾಳೆ ಇದೇ ಕೊಡ ತುಂಬ ತಂದು ಹಾಕ್ತೀನಿ" ಎಂದರು ಅತ್ತಿಗೆ.

ಶಿಶುವಿಹಾರದಿಂದ ಧಣಿಗೆ ಫೋನು ಹೋಗಿತ್ತು. ನಾವು ಪ್ಲಾಂಟು ಮುಟ್ಟುವಷ್ಟರಲ್ಲಿ ನನ್ನ ಕೆಲಸ ಹೋಗಿಯಾಗಿತ್ತು. ಅವನು ಕೂಗಾಡಿ ಸುಸ್ತಾದ ಮೇಲೆ ಅತ್ತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಧಣಿ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದ.

"ಯಾರಿಗೂ ಹೇಳ್ಲಿಲ್ಲ ತಾನೆ? ನೋಡಮ್ಮಾ, ನಾಳೆ ಲೈಸೆನ್ಸ್ ನೋಡೋಕೆ ಸಾಹೇಬ್ರು ಬರ್ತಾರೆ. ವಾಪಸು ಬಂದ ಕ್ಯಾನ್ ನೋಡೋಕೆ ಒಬ್ರು ಇರ್ಲೇಬೇಕು ಅನ್ನೋದು ಅವರ ರೂಲು. ನೀನು ಸ್ಟೂಲ್ ಮೇಲೆ ಕೂತ್ಕೋ, ಮೂಸಿದ ಹಾಗೆ ಮಾಡು, ಅಷ್ಟೇ. ಮೂಗು ಇದ್ಯೋ ಇಲ್ವೋ ಅವರಿಗೇನು ಕಾಣ್ಸುತ್ತಾ? ಇವನಿಗೂ ಕೆಲಸ ವಾಪಸು ಕೊಡ್ತೀನಿ."

ನಾನು ಹಲ್ಲು ಕಚ್ಚಿ ನಿಂತಿದ್ದೆ. ಅತ್ತಿಗೆ "ಆಗ್ಲಿ" ಎಂದರು. 

ಮರುದಿನ ಸಾಹೇಬರು ಬಂದರು. ದಣಿದ ಮನುಷ್ಯ. ಗಾಜಿನ ಕೋಣೆ ನೋಡಿದರು, ಮುಚ್ಚಳದ ಮೇಲಿನ ತಾರೀಖು ನೋಡಿದರು, ಪರೀಕ್ಷೆಗೆಂದು ಸಣ್ಣ ಸೀಸೆಗಳಲ್ಲಿ ನೀರು ಹಿಡಿದುಕೊಂಡರು, ಹಿಂದಿನ ಮಾಡಿಗೂ ಬಂದರು. ಅತ್ತಿಗೆ ಒಂದು ಕ್ಯಾನು ಎತ್ತಿ ಮೂಗಿನ ಹತ್ತಿರ ತಂದರು. ಪಕ್ಕಕ್ಕೆ ಇಟ್ಟರು. ಇನ್ನೊಂದು ಎತ್ತಿದರು. ಸಾಹೇಬರು ಸರಿ ಎಂದು ತಿರುಗಿದರು. ಧಣಿ ಅವರಿಗೆ ಕಾಫಿಯ ಕೋಣೆಯ ದಾರಿ ತೋರಿಸುತ್ತಿದ್ದ.

"ಸ್ವಾಮಿ" ಎಂದರು ಅತ್ತಿಗೆ. "ನನಗೆ ವಾಸನೆ ಬರಲ್ಲ. ಈ ಜಾಗಕ್ಕೆ ಬೇರೆಯವರನ್ನ ಕೂರಿಸೋಕೆ ಹೇಳಿ. ನಿನ್ನೆ ಮಕ್ಕಳ ಲೋಟಕ್ಕೆ ಥಿನ್ನರ್ ನೀರು ಹೋಗಿತ್ತು."

ಧಣಿ ನಕ್ಕ. "ಜ್ವರ ಬಂದಿತ್ತು ಸಾರ್, ಇನ್ನೂ ತಲೆ ಸರಿಯಿಲ್ಲ." ಸಾಹೇಬರು ನಗಲಿಲ್ಲ. ಪಕ್ಕದಲ್ಲಿದ್ದ ಖಾಲಿ ಕ್ಯಾನೊಂದನ್ನು ಎತ್ತಿ ತಾವೇ ಮೂಸಿದರು. ಇನ್ನೊಂದನ್ನು ಮೂಸಿದರು. ಬೇರೆ ಜನ ಇಟ್ಟು, ಇರುವ ಕ್ಯಾನುಗಳನ್ನೆಲ್ಲ ಮತ್ತೆ ನೋಡುವವರೆಗೆ ತುಂಬುವಂತಿಲ್ಲ ಎಂದು ಹೇಳಿ ಹೋದರು.

ಪ್ಲಾಂಟು ಕೆಲವು ದಿನ ಮುಚ್ಚಿ ಮತ್ತೆ ತೆರೆಯಿತು. ನಾವಿಬ್ಬರೂ ಹೊರಗೆ. ಸಾಹೇಬರು ಬಂದುಹೋದ ದಿನ ಮನೆಗೆ ಬರುವ ದಾರಿಯಲ್ಲಿ ನಾನು, "ಇನ್ನೊಂದು ನಿಮಿಷ ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತಲ್ಲ ಅತ್ತಿಗೆ! ಕುಡುಕ ಅನ್ನೋ ಮಾತು ಹೊತ್ಕೊಂಡಿದ್ದು ಯಾರಿಗೋಸ್ಕರ ನಾನು?" ಎಂದು ಹಾರಾಡಿದೆ. "ಆ ಹುಡುಗಿ ಮುಖ ಕಿವುಚಿದ್ದು ನೀನೂ ನೋಡಿದೆಯಲ್ಲೋ" ಎಂದರು. ಅಷ್ಟೇ. ನಾನೀಗ ಹಾಸಿಗೆ ಅಂಗಡಿಯ ಗಾಡಿ ಓಡಿಸುತ್ತೇನೆ. ಅತ್ತಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರೆ. ಮೂಗು ಪೂರ್ತಿ ಮರಳಲಿಲ್ಲ. ಸೋಪಿನ ವಾಸನೆ ಬರುತ್ತದಂತೆ, ಬಟ್ಟೆ ಸುಟ್ಟರೆ ಬರುವುದಿಲ್ಲವಂತೆ. ಕಣ್ಣಲ್ಲಿ ಕಣ್ಣಿಟ್ಟು ಇಸ್ತ್ರಿ ಹಾಕುತ್ತಾರೆ.

ಈ ಗದ್ದಲವೆಲ್ಲ ಒಂದಿಷ್ಟು ತಣ್ಣಗಾದ ಮೇಲೆ ಅತ್ತಿಗೆ ನೀರು ಕಾಯಿಸಿ ಆರಿಸಿ, ಕೊಡ ತುಂಬಿ, ಸೊಂಟಕ್ಕೆ ಇಟ್ಟುಕೊಂಡು ಶಿಶುವಿಹಾರಕ್ಕೆ ಹೋದರು. ಗೇಟಿನ ಹೊರಗೆ ನಾನು ನಿಂತಿದ್ದೆ. ನಾನು ಕುಡಿದಿರಲಿಲ್ಲ ಎಂಬುದನ್ನೂ ಆಯಾಗೆ ಹೇಳಬೇಕೆಂದು ಅತ್ತಿಗೆಯ ಮನಸ್ಸಿನಲ್ಲಿತ್ತು. ಆಯಾ ಅಲ್ಲಿರಲಿಲ್ಲ. ಮಕ್ಕಳಿಗೆ ಸೀಲಿಲ್ಲದ ಮನೆಯ ನೀರು ಕುಡಿಸಿದಳೆಂದು ಹೆತ್ತವರು ಗಲಾಟೆ ಮಾಡಿದ್ದರಂತೆ, ಅವಳನ್ನು ತೆಗೆದುಹಾಕಿದ್ದರಂತೆ. ಹಿಂದಿನ ಓಣಿಗೆ ಹೋದೆವು. ಬಾಗಿಲಿಗೆ ಬೀಗ. ಎಲ್ಲಿಗೆ ಹೋದಳೆಂದು ಪಕ್ಕದವರಿಗೆ ತಿಳಿಯದು.

ಎಲ್ಲಿಯಾದರೂ ಶಿಶುವಿಹಾರ ಕಂಡರೆ ಅತ್ತಿಗೆ ಇಂದಿಗೂ ಒಳಗೆ ಹೋಗಿ ವಿಚಾರಿಸುತ್ತಾರೆ. ಅವಳ ಹೆಸರನ್ನು ನಾವು ಕೇಳಿರಲಿಲ್ಲ. ಆ ಒಂದು ಕೊಡ ನೀರಿನ ಋಣ ನಮ್ಮ ಮೇಲೆ ಹಾಗೆಯೇ ಇದೆ.