ಮೂರು ಸಲವೂ ಕುಂಕುಮ

ಅಕ್ಕ ಪಿಯುಸಿ ಪಾಸಾದ ವರ್ಷ ನಾನು ಒಂಬತ್ತನೇ ಕ್ಲಾಸು. ಅವಳಿಗೆ ಜಯನಗರದ ಕಾಲೇಜಿಗೆ ಬಿಎಸ್ಸಿ ಸೇರುವ ಆಸೆ. ಅಪ್ಪ ಆಗಲೇ ಶ್ರೀನಗರದ ಕಡೆಯ ಒಂದು ಗಂಡು ನೋಡಿದ್ದರು. ಕಾಲೇಜು ಅಂದಾಗ, "ದೇವರನ್ನ ಕೇಳೋಣ ಇರು," ಅಂದರು. ಜರಗನಹಳ್ಳಿಯ ನಮ್ಮ ಮನೆಯಲ್ಲಿ ದೊಡ್ಡ ವಿಷಯವೆಲ್ಲ ಹಾಗೆಯೇ ತೀರ್ಮಾನವಾಗುತ್ತಿತ್ತು. ಒಂದು ಪೊಟ್ಟಣದಲ್ಲಿ ಕುಂಕುಮ, ಇನ್ನೊಂದರಲ್ಲಿ ವಿಭೂತಿ ಕಟ್ಟಿ ದೇವರ ಮುಂದಿಡುವುದು. ಅಮ್ಮ ಕಣ್ಣು ಮುಚ್ಚಿಕೊಂಡು ಒಂದನ್ನು ಎತ್ತುವುದು. ಕುಂಕುಮ ಬಂದರೆ ಆಗಲಿ, ವಿಭೂತಿ ಬಂದರೆ ಬೇಡ. ಹೀಗೆ ಮೂರು ಸಲ, ಸಲಕ್ಕೊಂದು ಹೊಸ ಜೋಡಿ; ಮೂರು ಸಲವೂ ಕುಂಕುಮ ಬಂದರೇನೇ ಒಪ್ಪಿಗೆ. ಎತ್ತದೆ ಉಳಿದ ಪೊಟ್ಟಣಗಳನ್ನು ಬಿಚ್ಚುವಂತಿಲ್ಲ, ಬಾವಿಗೆ ಹಾಕಬೇಕು. ಪೊಟ್ಟಣ ಕಟ್ಟುವ ಕೆಲಸ ನನ್ನದು.

ಹಿಂದಿನ ಸಂಜೆ ಜಗಲಿಯ ಮೇಲೆ ಅಕ್ಕ ನನಗೆ ಘಾತದ ಲೆಕ್ಕ ಹೇಳಿಕೊಡುತ್ತಿದ್ದಳು. ನನ್ನ ತಲೆಗೇ ಹೋಗುತ್ತಿರಲಿಲ್ಲ.

"ನಾಳೇದನ್ನೇ ಲೆಕ್ಕ ಹಾಕು. ಒಂದು ಸಲ ಕುಂಕುಮ ಬರೋ ಸಂಭವ ಅರ್ಧ. ಮೂರು ಸಲನೂ ಬರ್ಬೇಕು ಅಂದ್ರೆ ಅರ್ಧದ ಘಾತ ಮೂರು. ಎಷ್ಟು?"

"ಎಂಟರಲ್ಲಿ ಒಂದು."

"ಅಷ್ಟೇ ಕಣೇ ನನ್ನ ಕಾಲೇಜು," ಅಂದು ಪೆನ್ಸಿಲ್ ಕೆಳಗಿಟ್ಟಳು.

ನನಗೆ ಹೊಟ್ಟೆ ಉರಿದುಹೋಯಿತು. ಇದೆಂಥ ನ್ಯಾಯ? ಬೆಳಿಗ್ಗೆ ಆರೂ ಪೊಟ್ಟಣಕ್ಕೆ ಕುಂಕುಮವನ್ನೇ ತುಂಬಿ ಕಟ್ಟಿದೆ. ಒಂದಕ್ಕೆ ಯಾವ ಘಾತ ಹಾಕಿದರೂ ಒಂದೇ ತಾನೆ! ನನ್ನ ಜಾಣತನಕ್ಕೆ ನಾನೇ ಬೀಗಿದೆ, ಕತ್ತೆ.

ಅಪ್ಪ ಕರ್ಪೂರ ಹಚ್ಚಿ, ಕೈಮುಗಿದು ಗಟ್ಟಿಯಾಗಿ ಕೇಳಿದರು: "ಸ್ವಾಮೀ, ಈ ಸಂಬಂಧಕ್ಕೆ ಮಗಳನ್ನ ಕೊಡ್ಲಾ?"

ಕಾಲೇಜಿನ ಮಾತೇ ಇಲ್ಲ!

"ಅಪ್ಪಾ, ತಡೀರಿ..."

"ಬಾಯಿ ಮುಚ್ಕೊಂಡು ನಿಂತ್ಕೋ!"

ಮುಚ್ಚಿಕೊಂಡು ನಿಂತೆ. ಹೇಳಿದ್ದರೆ ನಾಲ್ಕು ಏಟು ಬೀಳುತ್ತಿತ್ತು, ಅಷ್ಟೇ. ಆ ಏಟಿಗೆ ಹೆದರಿದೆ. ಅಮ್ಮ ಮೂರು ಸಲ ಎತ್ತಿದಳು, ಮೂರು ಸಲವೂ ಕುಂಕುಮ. ಅಪ್ಪ ಗಳಗಳ ಅತ್ತುಬಿಟ್ಟರು, ದೇವರು ಇಷ್ಟು ಸ್ಪಷ್ಟವಾಗಿ ಯಾವತ್ತೂ ಹೇಳಿರಲಿಲ್ಲವಂತೆ. ಉಳಿದ ಮೂರನ್ನು ನಾನೇ ಬಾವಿಗೆ ಹಾಕಿ ಬಂದೆ.

ಸರಿಯಾಗಿ ಕಟ್ಟಿದ್ದರೆ ಆ ಮದುವೆ ತಪ್ಪುವ ಸಂಭವ ಎಂಟರಲ್ಲಿ ಏಳು. ಈ ಲೆಕ್ಕವನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಚಪ್ಪರದ ದಿನ ಅಕ್ಕನಿಗೆ ಹೂ ಮುಡಿಸುತ್ತಾ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅವಳು ತಿರುಗಿ ನನ್ನ ಕಣ್ಣೊರೆಸಿದಳು. "ಒಂದೇ ಒಂದು ಸಲ ವಿಭೂತಿ ಬಂದಿದ್ರೂ ಅಪ್ಪನ ಹತ್ರ ಜಗಳ ಆಡಿ ಕಾಲೇಜಿಗೆ ಹೋಗ್ತಿದ್ದೆ ಕಣೇ. ಮೂರು ಸಲನೂ ಅದೇ ಬಂತಲ್ಲ, ಇನ್ನು ಯಾರ ಹತ್ರ ಜಗಳ ಆಡ್ಲಿ?" ಅಂದಳು.