ಪರದೆ ಇಳಿಸುವ ಎವೇಲಿಯೊಗೆ ಒಂದು ಗೊಂದಲ

ಭಾನುವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಮಾಗ್ವೆ ಎಂಬ ಊರಿನ ಹಳೆಯ ರಂಗಮಂದಿರದ ಹಿಂಬಾಗಿಲಿನಿಂದ ಒಳಗೆ ಬಂದ ಎವೇಲಿಯೊ ದೀಪ ಹಾಕುವುದಿಲ್ಲ; ಕರೆಂಟು ಇದ್ದರಲ್ಲವೇ ಹಾಕುವುದು. ಕತ್ತಲಲ್ಲೇ ಏಣಿ ಹತ್ತಿ ಅಂಕದ ಪರದೆಯ ರಾಟೆಗೆ ಹಂದಿಯ ಕೊಬ್ಬು ಸವರುತ್ತಾರೆ. ಯಂತ್ರದ ಎಣ್ಣೆ ಸಿಕ್ಕಿ ಎಷ್ಟೋ ಕಾಲವಾಯಿತು. ಈ ಕೊಬ್ಬೂ ಹೆಂಡತಿ ಓದಾಲಿಸ್ ಅವರ ಅಡುಗೆಮನೆಯಿಂದ ಹೇಳದೆ ಕೇಳದೆ ತಂದದ್ದು. ಕೆಳಗಿಳಿದು, ಎಲ್ಲಾದರೂ ಎಳೆ ಬಿಟ್ಟಿದೆಯೇ ಎಂದು ಹಗ್ಗವನ್ನು ಅಂಗೈಯಲ್ಲಿ ಜಾರಿಸಿ ನೋಡುತ್ತಾರೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದೆ, ತಲೆ ಮಾತ್ರ ನಿನ್ನೆಯ ಪ್ರದರ್ಶನದಲ್ಲೇ ಸಿಕ್ಕಿಕೊಂಡಿದೆ.

"ಇನ್ನೊಬ್ಬರ ಕುಣಿತಾನ ಅರ್ಧಕ್ಕೆ ಕತ್ತರಿಸಿಬಿಟ್ಟೆ. ಅದೂ ಆ ಹುಡುಗಿ ಮೊದಲನೇ ಸಲ ಕಟ್ಟಿದ್ದು," ಎನ್ನುತ್ತಾರೆ. ಹಗ್ಗವನ್ನು ಇನ್ನೊಂದು ಮೊಳ ಜಾರಿಸಿ, "ಅರ್ಧ ಅಂತ ಹೇಗೆ ಹೇಳ್ಲಿ? ಪೂರ್ತಿ ಎಷ್ಟು ಅಂತ ಯಾರಿಗೆ ಗೊತ್ತು?" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ.

ಎವೇಲಿಯೊ ಹರೆಯದಲ್ಲಿ ರೈಲ್ವೆ ಯಾರ್ಡಿನಲ್ಲಿ ಮೂಟೆ ಹೊತ್ತವರು. ಅಲ್ಲಿನ ತೋಳಬಲ ನೋಡಿಯೇ ಹಳೆಯ ಪರದೆಯಾಳು ನೆಮೇಸಿಯೊ ಅವರನ್ನು ಇಲ್ಲಿಗೆ ಕರೆತಂದ. ಅಂದಿನಿಂದ ಈ ಕೆಂಪು ಮಖಮಲ್ಲಿನ ಭಾರವೆಲ್ಲ ಅವರ ತೋಳಿನ ಮೇಲೆ. ಈಗ ಬಲಭುಜ ಕಿವಿಯ ಮಟ್ಟಕ್ಕಿಂತ ಮೇಲೇಳುವುದಿಲ್ಲ, ಅಂಗೈಯ ಚರ್ಮ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗಿದೆ. ಪರದೆ ಬಿದ್ದ ಕೂಡಲೇ ಚಪ್ಪಾಳೆ ಬೀಳುತ್ತದೆ, ಆದರೆ ಅದನ್ನು ಬೀಳಿಸಿದವರ ಮುಖವನ್ನು ಊರಿನಲ್ಲಿ ಒಬ್ಬರೂ ನೋಡಿಲ್ಲ. ಪಡಿತರದ ಬ್ರೆಡ್ಡಿನ ಸಾಲಿನಲ್ಲಿ ಅವರ ಹಿಂದೆಯೇ ನಿಂತು ಹಿಂದಿನ ದಿನದ ಬ್ಯಾಲೆಯನ್ನು ಹೊಗಳುವವರುಂಟು. ಎವೇಲಿಯೊ ತಮ್ಮ ಪಾಲಿನ ಬ್ರೆಡ್ಡು ತೆಗೆದುಕೊಂಡು ಮನೆಗೆ ಹೋಗುತ್ತಾರೆ.

"ಹಳೇ ಬ್ಯಾಲೆಗಳಲ್ಲಿ ತಲೆಬಿಸಿ ಇರಲಿಲ್ಲ. ರಾಜಕುಮಾರಿ ಸತ್ರೆ ಪರದೆ. ಮದುವೆ ಆದ್ರೆ ಪರದೆ. ಈಗಿನ ಮಕ್ಕಳದ್ದು ಒಬ್ಬರೂ ಸಾಯಲ್ಲ, ಒಬ್ಬರೂ ಮದುವೆ ಆಗಲ್ಲ. ತಲೆ ಬುಡ ತಿಳಿಯಲ್ಲಪ್ಪಾ!" ಎಂಬುದು ಅವರ ದೂರು.

ಮುಗಿಯಿತೆಂದು ತಿಳಿಸಲು ರಂಗದ ಪಕ್ಕದಲ್ಲೊಂದು ಕೆಂಪು ದೀಪವಿದೆ. ಕರೆಂಟು ಕೈಕೊಡುವ ಊರಿನಲ್ಲಿ ಆ ದೀಪವನ್ನು ನಂಬಿ ಕೂರುವುದುಂಟೇ? ಅದಕ್ಕೇ ನೆಮೇಸಿಯೊನ ಕಾಲದಿಂದಲೂ ಈ ಮಂದಿರದಲ್ಲಿ ಒಂದು ಕಟ್ಟಳೆ ನಡೆದುಬಂದಿದೆ. ಕೊನೆಯ ಭಂಗಿಯಲ್ಲಿ ನಿಂತ ಕಲಾವಿದರು ಎಡಗೈ ಮುಷ್ಟಿ ಕಟ್ಟುತ್ತಾರೆ. ಮುಷ್ಟಿ ಕಂಡಿತೋ, ಪರದೆ ಇಳಿಯಿತು. ಪ್ರೇಕ್ಷಕರಿಗೆ ಇದರ ಸುಳಿವೇ ಇಲ್ಲ. ರಾಜಧಾನಿ ಹವಾನಾದಲ್ಲಿ ಓದಿ ಬಂದ ಯಿಸೆಲ್‌ಗೂ ಇರಲಿಲ್ಲ, ಮುಖ್ಯ ಎಡವಟ್ಟಾದದ್ದೇ ಅಲ್ಲಿ.

ಯಿಸೆಲ್ ಇಪ್ಪತ್ತಮೂರರ ಹುಡುಗಿ. ಹೊಸ ನೃತ್ಯ ಸಂಯೋಜಕರಿಗೆಂದೇ ಇಟ್ಟ ಈ ವಾರಾಂತ್ಯದಲ್ಲಿ ಅವಳದೂ ಒಂದು ಕೃತಿ. ಇವುಗಳಲ್ಲಿ ಒಂದನ್ನು ಮಾತ್ರ ತಂಡ ತನ್ನದಾಗಿ ಇಟ್ಟುಕೊಂಡು ಊರೂರಿಗೆ ಒಯ್ಯುತ್ತದೆ, ಉಳಿದವು ಇಲ್ಲಿಗೇ ಮುಗಿದಂತೆ. ಅವಳ ಕೃತಿಯಲ್ಲಿ ಮಾರ್ನಿಯ ಎಂಬ ಒಬ್ಬಳೇ ನರ್ತಕಿ. ಒದ್ದೆ ದುಪ್ಪಟಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಸಭೆಗೆ ಬೆನ್ನು ಹಾಕಿ ನಿಲ್ಲುತ್ತಾಳೆ. ತಿರುಗುತ್ತಾಳೆ, ಬಾಗುತ್ತಾಳೆ, ಮಂಡಿಯೂರುತ್ತಾಳೆ; ಕೈ ಮಾತ್ರ ಇಳಿಸುವುದಿಲ್ಲ. ಸಂಗೀತವಿಲ್ಲ. ನೀರು ತೊಟ್ಟಿಕ್ಕುವ ಸದ್ದೊಂದೇ.

ಶನಿವಾರ, ದುಪ್ಪಟಿ ಜಾರುತ್ತದೆ ಎನ್ನಿಸಿದಾಗ ಮಾರ್ನಿಯ ಅದರ ಅಂಚನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಳು. ಎವೇಲಿಯೊಗೆ ಕಂಡದ್ದು ಮುಷ್ಟಿ. ಪರದೆ ಧಡಾರನೆ ಇಳಿಯಿತು. ಜನ ಚಪ್ಪಾಳೆ ತಟ್ಟಿ ಎದ್ದರು. ಪರದೆಯ ಈಚೆಗೆ ಮಾರ್ನಿಯ ಕುಣಿಯುತ್ತಲೇ ಇದ್ದಳು! ಏನೇ ಆದರೂ ನಿಲ್ಲಿಸಬೇಡ ಎಂದು ಯಿಸೆಲ್ ಹೇಳಿದ್ದಳಂತೆ. ಕೊನೆಗೆ ತೋಳು ಸೋತು ದುಪ್ಪಟಿ ನೆಲಕ್ಕೆ ಬಿತ್ತು. ಅವಳು ಅದನ್ನೆತ್ತಿ, ಮಧ್ಯಭಾಗವನ್ನು ಗಲ್ಲದಡಿ ಒತ್ತಿಹಿಡಿದು, ಒಬ್ಬಳೇ ಹೇಗೋ ಮಡಚಿಕೊಂಡು ಹೋದಳು. ಎವೇಲಿಯೊ ಹಗ್ಗ ಹಿಡಿದೇ ನೋಡಿದರು.

ಮನೆಯಲ್ಲಿ ಓದಾಲಿಸ್ ಬಿಡಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀನು ದೀಪ ಸರಿ ಇರ್ಲಿಲ್ಲ ಅಂತೀಯ. ಕಣ್ಣು ತೋರಿಸ್ಕೋ ಹೋಗು ಮಾರಾಯ!"

ರಾಟೆಯ ಕೆಲಸ ಮುಗಿಯುವಷ್ಟರಲ್ಲಿ ಯಿಸೆಲ್ ಬರುತ್ತಾಳೆ. ಅತ್ತು ಕಣ್ಣು ಊದಿದೆ. ಕೈಯಲ್ಲಿ ಕಾಫಿಯ ಫ್ಲಾಸ್ಕು. ಜಗಳಕ್ಕೆ ಬಂದವಳು ಕಾಫಿ ಯಾಕೆ ತಂದಳೆಂದು ಎವೇಲಿಯೊಗೆ ತಿಳಿಯುವುದಿಲ್ಲ.

"ಅಜ್ಜಾ, ಇವತ್ತೇ ಕೊನೇ ಸಲ. ನಿರ್ದೇಶಕರು ನಿನ್ನೆ ನೋಡಿದ್ದು ಅರ್ಧ. ಇವತ್ತೂ ಹಾಗೇ ಆದ್ರೆ ನನ್ನ ಕತೆ ಮುಗೀತು."

"ತಪ್ಪು ನಂದೇ ಕಂದಾ. ಇಲ್ಲಿ ಎಡಗೈ ಮುಷ್ಟಿ ಅಂದ್ರೆ ಪರದೆ ಇಳಿಸು ಅಂತ ಲೆಕ್ಕ. ಆ ಮುಷ್ಟಿ ಒಂದು ತೆಗೆದುಬಿಡು."

"ಮುಷ್ಟಿ ತೆಗೆದ್ರೆ ದುಪ್ಪಟಿ ಯಾವುದರಲ್ಲಿ ಹಿಡೀತಾಳೆ, ಹಲ್ಲಲ್ಲಾ? ನೋಡಿ, ನಮ್ಮಜ್ಜಿ ಹೀಗೇ ನಿಂತು ಬಟ್ಟೆ ಒಣಗಿಸ್ತಿದ್ಲು. ಅವಳಿದ್ದ ಕೋಣೆ ಹತ್ರ ಹಗ್ಗ ಕಟ್ಟೋಕೆ ಜಾಗ ಇರ್ಲಿಲ್ಲ."

"ಅಯ್ಯೋ, ನನ್ನ ಹತ್ರ ಬೇಕಾದಷ್ಟು ಹಗ್ಗ ಇತ್ತಲ್ಲೇ!"

ಯಿಸೆಲ್‌ಗೆ ನಗು ಬರುತ್ತದೆ, ನಕ್ಕಿದ್ದಕ್ಕೆ ಸಿಟ್ಟೂ ಬರುತ್ತದೆ. "ದುಪ್ಪಟಿ ನೆಲಕ್ಕೆ ಬಿದ್ದಾಗ ಇಳಿಸಿ. ಅಷ್ಟೇ. ಅದು ಯಾವಾಗ ಬೀಳುತ್ತೆ ಅಂತ ನಂಗೂ ಗೊತ್ತಿಲ್ಲ, ಮಾರ್ನಿಯಳಿಗೂ ಗೊತ್ತಿಲ್ಲ. ತೋಳು ಸೋತಾಗ ಬೀಳುತ್ತೆ."

"ಬಿದ್ದ ಮೇಲೆ ಅವಳು ಎತ್ತಿ ಮಡಚ್ತಾಳಲ್ಲ?"

"ಮಡಚೋದಾ? ಅದೆಲ್ಲ ಇಲ್ಲ ಅಜ್ಜಾ," ಎನ್ನುತ್ತ ಅವಳು ಕಾಫಿ ಬಗ್ಗಿಸಿ ಕೊಟ್ಟು ಹೊರಟುಹೋಗುತ್ತಾಳೆ.

ಎವೇಲಿಯೊ ಲೋಟ ಹಿಡಿದುಕೊಂಡು ಕೂರುತ್ತಾರೆ. "ಇಲ್ಲ ಅಂದ್ರೆ ಹೇಗೆ? ನಾನು ಕಣ್ಣಾರೆ ನೋಡಿದೀನಿ. ಮಾಡಿಸಿದವಳು ಇಲ್ಲ ಅಂತಾಳೆ, ಮಾಡಿದವಳು ಮಾಡಿಬಿಟ್ಟಿದಾಳೆ. ನಾನು ಯಾರ ಮಾತು ಕೇಳ್ಲಿ?" ಮಾರ್ನಿಯಳನ್ನು ಕೇಳೋಣವೆಂದರೆ ಅವಳು ತೋಳಿಗೆ ಐಸ್ ಕಟ್ಟಿಕೊಂಡು ಮಲಗಿದ್ದಾಳೆ, ಎಬ್ಬಿಸಬಾರದು ಎನ್ನುತ್ತಾರೆ ಉಳಿದವರು.

ಸಂಜೆ ಐದು. ಮಂದಿರ ತುಂಬಿದೆ, ಬೀಸಣಿಗೆಗಳ ಸದ್ದು. ಯಿಸೆಲ್ ಎದುರು ಪಕ್ಕದ ವಿಂಗಿನಲ್ಲಿ, ರಂಗದಂಚಿನ ಮರೆಯಲ್ಲಿ, ಉಗುರು ಕಚ್ಚುತ್ತ ನಿಂತಿದ್ದಾಳೆ. ಮಾರ್ನಿಯ ದುಪ್ಪಟಿ ಎತ್ತುತ್ತಾಳೆ. ಎಡಗೈ ಮುಷ್ಟಿಯಾಗುತ್ತದೆ. ಎವೇಲಿಯೊ ಕದಲುವುದಿಲ್ಲ. ಯಾರೋ ಕೆಮ್ಮುತ್ತಾರೆ. ಹಿಂದಿನ ಸಾಲಿನಿಂದ ಒಬ್ಬ, "ಒಣಗ್ತೇನಮ್ಮಾ?" ಎಂದು ಕೂಗುತ್ತಾನೆ, ನಗು ಏಳುತ್ತದೆ, ನಾಲ್ಕಾರು ಜನ ಎದ್ದೂ ಹೋಗುತ್ತಾರೆ. ಮಾರ್ನಿಯಳ ತೋಳು ಗಡಗಡ ನಡುಗುತ್ತದೆ. ದುಪ್ಪಟಿ ನೆಲಕ್ಕೆ ಬೀಳುತ್ತದೆ.

ಪರದೆ ಇಳಿಯುವುದಿಲ್ಲ.

"ಕೈ ಬರ್ಲಿಲ್ಲ," ಎಂದು ಆಮೇಲೆ ಹೇಳುತ್ತಾರೆ ಎವೇಲಿಯೊ. "ಆ ಹುಡುಗಿ ಹೇಳಿದ್ದು ನೆನಪಿತ್ತು. ಆದ್ರೆ ನಿನ್ನೆ ಒಮ್ಮೆ ಬೇಗ ಬಿಟ್ಟು ಅವಳ ಹೊಟ್ಟೆ ಉರಿಸಿದ್ದೆ. ಇವತ್ತೂ ಬೇಗ ಆದ್ರೆ? ಹೆದರಿಕೆಗೆ ಹಗ್ಗ ಗಟ್ಟಿ ಹಿಡ್ಕೊಂಡುಬಿಟ್ಟೆ."

ಮಾರ್ನಿಯ ಕತ್ತು ತಿರುಗಿಸಿ ಅವರನ್ನೇ ನೋಡುತ್ತಾಳೆ. ತುಟಿ ಅಲುಗಿಸದೆ, "ಇಳಿಸಿ ಅಜ್ಜಾ, ದಮ್ಮಯ್ಯ!" ಎನ್ನುತ್ತಾಳೆ. ಎವೇಲಿಯೊ ತಲೆ ಅಡ್ಡ ಆಡಿಸಿ, ಮಡಚು ಎಂದು ಗಲ್ಲ ಎತ್ತಿ ತೋರಿಸುತ್ತಾರೆ. ಅವಳಿಗೆ ಬೇರೆ ದಾರಿ ಇಲ್ಲ. ಬಗ್ಗಿ ದುಪ್ಪಟಿ ಎತ್ತುತ್ತಾಳೆ. ಸೋತ ತೋಳು ಮೇಲೇಳುವುದೇ ಇಲ್ಲ. ಒಂದು ತುದಿ ಸಿಕ್ಕರೆ ಇನ್ನೊಂದು ಜಾರುತ್ತದೆ. ಎರಡನೇ ಸಲವೂ ಜಾರುತ್ತದೆ.

ಆಗ ಎದುರು ವಿಂಗಿನಿಂದ ಯಿಸೆಲ್ ಓಡಿ ಬರುತ್ತಾಳೆ. ಹಳೆಯ ಜೀನ್ಸು, ಬರಿಗಾಲು, ಕೆದರಿದ ಕೂದಲು. ಬಂದವಳೇ ಇನ್ನೊಂದು ತುದಿ ಹಿಡಿಯುತ್ತಾಳೆ. ಇಬ್ಬರೂ ಹಿಂದೆ ಸರಿದು ಎಳೆದು ಬಿಗಿ ಮಾಡುತ್ತಾರೆ, ಹತ್ತಿರ ಬಂದು ತುದಿಗೆ ತುದಿ ಸೇರಿಸುತ್ತಾರೆ. ಮತ್ತೆ ಹಿಂದೆ, ಮತ್ತೆ ಹತ್ತಿರ. ದುಪ್ಪಟಿ ದಿಂಬಿನಷ್ಟು ಆದಾಗ ಎವೇಲಿಯೊ ಪರದೆ ಇಳಿಸುತ್ತಾರೆ, ಕೂಸನ್ನು ತೊಟ್ಟಿಲಿಗೆ ಇಳಿಸಿದಷ್ಟು ಮೆಲ್ಲಗೆ.

ಹೊರಗೆ ಅರ್ಧ ಸಭೆ ಎದ್ದು ನಿಂತು ತಟ್ಟುತ್ತಿದೆ, ಇನ್ನರ್ಧ ಏನಾಯಿತೆಂದು ಪಕ್ಕದವರನ್ನು ಕೇಳುತ್ತಿದೆ. ಒಳಗೆ ಯಿಸೆಲ್ ಎವೇಲಿಯೊ ಮೇಲೆ ಹರಿಹಾಯುತ್ತಾಳೆ. "ಬಿದ್ದ ತಕ್ಷಣ ಅಂದಿದ್ನಲ್ಲ! ನಾನು ಯಾಕೆ ಹೋದೆ ಅಲ್ಲಿಗೆ? ಯಾಕೆ ಹೋದೆ?" ಅಳುತ್ತಿದ್ದಾಳೆ, ಮಡಚಿದ ದುಪ್ಪಟಿಯಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದಾಳೆ. ನಿರ್ದೇಶಕರು ಒಳಗೆ ಬರುತ್ತಾರೆ, ಇಬ್ಬರನ್ನೂ ನೋಡುತ್ತಾರೆ. "ಇದನ್ನ ಇಟ್ಕೋತೀವಿ. ಆ ಕೊನೇದ್ದೂ ಸೇರಿಸಿ," ಎಂದಷ್ಟೇ ಹೇಳಿ ಹೋಗುತ್ತಾರೆ.

ಇದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎವೇಲಿಯೊಗೆ ಬಗೆಹರಿದಿಲ್ಲ. ಯಿಸೆಲ್ ಕಟ್ಟಿದ್ದು ಒಂದು, ಉಳಿದದ್ದು ಇನ್ನೊಂದು. ಊರೂರು ತಿರುಗುವಾಗ ದುಪ್ಪಟಿಯ ಇನ್ನೊಂದು ತುದಿ ಹಿಡಿಯುವವರು ಯಾರೆಂಬ ಚರ್ಚೆ ಆಗಲೇ ಶುರುವಾಗಿದೆ. ಹಗ್ಗವನ್ನು ಗೂಟಕ್ಕೆ ಸುತ್ತುತ್ತ ಅವರು ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳುತ್ತಾರೆ:

"ಹಗ್ಗ ಬೇರೆ ಯಾರಾದ್ರೂ ಹಿಡೀಲಿ. ಆ ತುದೀನ ಒಂದೇ ಒಂದು ಸಲ ನಂಗೆ ಕೊಡ್ಲಿ. ಕುಣಿತ ಅರ್ಥ ಆಗಲ್ಲ ನಿಜ. ಆದ್ರೆ ಮನೇಲಿ ಓದಾಲಿಸ್ ಜೊತೆ ದುಪ್ಪಟಿ ಮಡಚೋನು ನಾನೇ."